ಶ್ರಾವಣಿಯ ಲ್ಯಾಪ್‌ಟಾಪ್: ಒಂದು ಒಪಿನಿಯನ್ ರಿಪೋರ್ಟ್

ವಿಜಯವಾಡ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ರಾಜ್ಯಶ್ರೀ,

ದಾವಣಗೆರೆಯಲ್ಲಿ ನೀನು, ನಿಮ್ಮವರು, ಮಗಳು ಅಮೂಲ್ಯಾ ಎಲ್ಲರೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಜುಲೈ ಮೊದಲ ವಾರವೇ ಬಂತು. ಅಂದಿನಿಂದ ನನ್ನ ಬ್ಯಾಗಿನಲ್ಲೇ ಓಡಾಡಿಕೊಂಡಿದೆ. ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ಹಸಿ ಸುಳ್ಳಾಗುತ್ತದೆ. ಇಲ್ಲಿ ಬೆಂಜ್ ಸರ್ಕಲ್ ಹತ್ತಿರದ ಒಂಟಿ ರೂಮಿನಲ್ಲಿ ಸಂಜೆ ಏಳರ ಮೇಲೆ ನನಗೆ ಪುರುಸೊತ್ತೇ ಪುರುಸೊತ್ತು. ನೀನು ಕೇಳಿದ್ದು ಒಂದೇ ಸಾಲು, "ಅಮೂಲ್ಯಾಗೆ ಎಂಸಿಎ ಸೀಟು ಸಿಕ್ಕಿದೆ ಕಣೇ, ಶ್ರಾವಣಿ ಹತ್ರ ಇರೋಂಥಾ ಲ್ಯಾಪ್‌ಟಾಪೇ ಕೊಡಿಸೋಣ ಅಂತಿದೀವಿ, ಹೇಗಿದೆ ಅದು?" ಆ ಒಂದು ಸಾಲಿಗೆ ಉತ್ತರ ಬರೆಯಲು ನನಗೆ ಎರಡು ತಿಂಗಳು ಧೈರ್ಯ ಬರಲಿಲ್ಲ. ಕ್ಷಮಿಸು.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅರ್ಧಕ್ಕೇ "ಹೋಗ್ಲಿ ಬಿಡೇ ಕಮಲೂ" ಅಂದುಬಿಡುತ್ತೀಯ. ನನಗೆ ಹಾಗೆ ಅನ್ನಿಸಿಕೊಳ್ಳುವುದು ಬೇಡವಾಗಿದೆ. ಕಾಗದವಾದರೆ ಪೂರ್ತಿ ಓದಲೇಬೇಕು.

ನಾನು ಬಡ್ತಿಯ ಮೇಲೆ ನಮ್ಮ ಬ್ಯಾಂಕಿನ ವಿಜಯವಾಡ ಬ್ರಾಂಚಿಗೆ ಬಂದು ಒಂದೂವರೆ ವರ್ಷವಾಯಿತೆಂದು ನಿನಗೆ ಗೊತ್ತು. ನಮ್ಮನೆಯವರು ವಿಶಾಖಪಟ್ಟಣದ ಬ್ರಾಂಚಿನಲ್ಲೇ ಉಳಿದರು. ಎಂವಿಪಿ ಕಾಲೋನಿಯ ಅದೇ ಫ್ಲ್ಯಾಟಿನಲ್ಲಿ ಅಪ್ಪ, ಮಗಳು ಇಬ್ಬರೇ. ಶ್ರಾವಣಿ ಔಷಧಶಾಸ್ತ್ರದ ಫಾರ್ಮ್-ಡಿ ಮುಗಿಸಿ ಒಂದೇ ಒಂದು ಕೆಲಸಕ್ಕಾಗಿ ಕಾದಿದ್ದಳು. ಔಷಧಿ ತಿಂದವರಿಗೆ ಏನಾದರೂ ಅಡ್ಡಪರಿಣಾಮ ಆಯಿತೆಂದು ದೂರು ಬಂದರೆ, ಅದನ್ನು ದಿನ, ಗಂಟೆ ಸಮೇತ ಬರೆದು ಪರಿಶೀಲಿಸುವ ಕೆಲಸ. ವಿಶಾಖಪಟ್ಟಣದಲ್ಲೇ ಒಂದು ಕಂಪನಿ ಕರೆದಿತ್ತು. ಪರೀಕ್ಷೆ ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ. ಎರಡು ಗಂಟೆ ಕ್ಯಾಮೆರಾ ಆನ್ ಆಗಿರಬೇಕು, ಕೋಣೆಯಲ್ಲಿ ಇನ್ನೊಬ್ಬರು ಇರಬಾರದು, ಸಂಪರ್ಕ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಪರೀಕ್ಷೆ ಮುಗಿಯಿತು. ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕು.

ಲ್ಯಾಪ್‌ಟಾಪ್ ನಾನೇ ಆರಿಸಿದ್ದು. ಮೂರು ವರ್ಷದ ಹಿಂದೆ ಅವಳು ಬೇರೊಂದನ್ನು ತೋರಿಸಿದ್ದಳು, ನಾನು ಇದನ್ನೇ ಕೊಡಿಸಿದೆ. ಈ ವರ್ಷ ಮಾರ್ಚಿನಿಂದ ಅವಳ ದೂರು ಶುರುವಾಯಿತು. "ಅಮ್ಮಾ, ಕಾಯ್ತದೆ ಇದು. ಕ್ಯಾಮೆರಾ ಹಾಕಿದ್ರೆ ಮುಕ್ಕಾಲು ಗಂಟೆಗೆ ಟಪ್ ಅಂತ ಆಫ್ ಆಗ್ತದೆ. ನಿಜ್ಜಂಗಾ ಅಮ್ಮಾ!" ಅವಳ ಕನ್ನಡ ನಿನಗೆ ಗೊತ್ತಲ್ಲ, ಮೂರು ಮಾತಿಗೊಂದು ತೆಲುಗು ನುಗ್ಗುತ್ತದೆ. ನಾನು ಮೊದಲು ತಿದ್ದಿದ್ದು ಅದನ್ನು. "ನಿಜ್ಜಂಗಾ ಅಲ್ಲ, ನಿಜವಾಗ್ಲೂ ಅನ್ನು. ಮನೆಯೊಳಗೆ ತೆಲುಗು ಬೇಡ ಅಂದಿಲ್ವಾ?" ಆಮೇಲೆ ಲ್ಯಾಪ್‌ಟಾಪಿನ ವಿಷಯಕ್ಕೆ ಬಂದೆ. "ಹಾಸಿಗೆ ಮೇಲೆ ಇಟ್ಕೊಂಡು ಸಿನಿಮಾ ನೋಡಿದ್ರೆ ಕಾಯದೆ ಇನ್ನೇನು?"

ಆದರೂ ನಾನು ಸುಮ್ಮನೆ ಕೂರಲಿಲ್ಲ, ಅದೇ ನೋಡು ನನ್ನ ಗ್ರಹಚಾರ. ಸಾಲ ಕೊಡುವ ಮುಂಚೆ ಪಾರ್ಟಿ ಎಂಥವನು ಅಂತ ನಾಲ್ಕು ಕಡೆ ವಿಚಾರಿಸಿ ಒಪಿನಿಯನ್ ರಿಪೋರ್ಟ್ ಬರೆಯುತ್ತೇವಲ್ಲ, ಹಾಗೇ ಈ ಲ್ಯಾಪ್‌ಟಾಪಿಗೂ ಒಂದು ಬರೆಯಲು ಹೊರಟೆ. ಅದೇ ಮಾಡೆಲ್ ಯಾರ್‍ಯಾರ ಹತ್ತಿರ ಇದೆ ಎಂದು ಹುಡುಕಿದೆ. ಗನ್ನವರಂನಲ್ಲಿ ಮನೆ ಕಟ್ಟಿಸುತ್ತಿರುವ ಫಣಿ, ಮೆಡಿಕಲ್ ರೆಪ್. "ಮೇಡಂಗಾರು, ಮೂರು ವರ್ಷ ಆಯ್ತು, ಒಂದು ಸಲವೂ ಸರ್ವೀಸಿಗೆ ಹೋಗಿಲ್ಲ," ಅಂದ. ನಮ್ಮ ಬ್ರಾಂಚಿನ ಬೀದಿಯಲ್ಲೇ ಫೋಟೋ ಸ್ಟುಡಿಯೋ ಇಟ್ಟಿರುವ ಬಾಬ್ಜಿ ಎರಡೂ ಕೈ ಎತ್ತಿ "ಬಂಗಾರಂ ಮೇಡಂ, ಬಂಗಾರಂ!" ಅಂದ. ಇನ್ನೂ ಇಬ್ಬರು ಹಾಗೇ ಹೊಗಳಿದರು. ನಾನು ಡೈರಿಯಲ್ಲಿ ಬರೆದುಕೊಂಡೆ: ನಾಲ್ವರು ಮಾಲೀಕರು, ನಾಲ್ವರಿಗೂ ತೃಪ್ತಿ.

ಐದನೆಯವನು ಉದಯ್. ಮೇ ತಿಂಗಳಲ್ಲಿ ವಿಶಾಖಪಟ್ಟಣಕ್ಕೆ ಹೋಗುವಾಗ ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತಿದ್ದ, ರಾಯಚೂರಿನ ಹುಡುಗ, ಆರು ತಿಂಗಳ ಪ್ರಾಜೆಕ್ಟಿಗೆಂದು ಬಂದವನು. ತೊಡೆಯ ಮೇಲೆ ಅದೇ ಲ್ಯಾಪ್‌ಟಾಪ್, ಕೆಳಗೆ ದಪ್ಪನೆಯ ಟವೆಲ್ಲು. ನಾನು ಕೇಳಿದ್ದೇ ತಡ, ಮುಖ ಮುರಿದ. "ಇದರ ಕಥಿ ಕೇಳಬ್ಯಾಡ್ರಿ ಮೇಡಂ. ಮೊದಲ ಎರಡು ವರ್ಷ ಛಲೋ ಇತ್ತು. ಈಗ ಮೀಟಿಂಗ್‌ನಾಗ ಕ್ಯಾಮೆರಾ ಹಾಕಿದ್ರ ಮುಕ್ಕಾಲು ತಾಸಿಗೆ ಬಂದ್ ಆಗ್ತದ. ಒಳಗ ಧೂಳು ತುಂಬಿರ್ತದ್ರಿ, ಬಿಚ್ಚಿಸಿ ಸ್ವಚ್ಛ ಮಾಡಿಸ್ರಿ. ಮಗಳ ಪರೀಕ್ಷಾಕ್ಕ ಇದನ್ನ ನಂಬಬ್ಯಾಡ್ರಿ."

ಮಗಳು ಹೇಳಿದ್ದೇ ಮಾತು, ಮುಕ್ಕಾಲು ಗಂಟೆ. ಆದರೂ ನಾನು ಡೈರಿಯಲ್ಲಿ ಬರೆದದ್ದು: "ರೈಲಿನಲ್ಲಿ ಸಿಕ್ಕ ಅಪರಿಚಿತ, ಪರಿಗಣಿಸಬೇಕಿಲ್ಲ." ಫಣಿ, ಬಾಬ್ಜಿ, ಉಳಿದಿಬ್ಬರು, ಈ ನಾಲ್ವರ ಸಾಲದ ಅರ್ಜಿಯೂ ಆಗ ನನ್ನ ಮೇಜಿನ ಮೇಲಿತ್ತು ರಾಜ್ಯಶ್ರೀ. ನನ್ನ ಸಹಿಗಾಗಿ ಕಾದು ಕೂತವರು ನಾನು ಆರಿಸಿದ ಲ್ಯಾಪ್‌ಟಾಪನ್ನು ಕೆಟ್ಟದ್ದು ಎನ್ನುತ್ತಾರೆಯೇ? ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದ್ದೇನೆ. ಹೊಸದಾಗಿ ಸೇರಿದವರಿಗೆ, ಪಾರ್ಟಿಯ ಹಂಗಿನಲ್ಲಿರುವವರ ಅಭಿಪ್ರಾಯ ಬರೆಯಬೇಡಿ ಅಂತ ಪಾಠ ಹೇಳಿದವಳು ನಾನೇ. ಹಂಗಿಲ್ಲದೆ ಮಾತಾಡಿದವನು ಒಬ್ಬನೇ, ಅವನ ಮಾತನ್ನೇ ಹೊಡೆದು ಹಾಕಿದೆ.

ಜೂನ್ ಇಪ್ಪತ್ತೊಂಬತ್ತು, ಭಾನುವಾರ ಪರೀಕ್ಷೆ. ಹಿಂದಿನ ದಿನ ನಾಲ್ಕನೇ ಶನಿವಾರ, ರಜೆ. ಬೆಳಗಿನ ರೈಲು ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಿದೆ. ಶ್ರಾವಣಿಯ ಮೇಜಿನ ಮೇಲೆ ಬೇರೊಂದು ಲ್ಯಾಪ್‌ಟಾಪ್ ಇತ್ತು. ಯಾರದು ಅಂದೆ. ಗೆಳತಿ ಸಾಯಿಪ್ರಿಯಾಳದು, ಎರಡು ದಿನಕ್ಕೆ ಕೇಳಿ ತಂದದ್ದು. ಪರೀಕ್ಷೆಗೆ ಬೇಕಾದ್ದೆಲ್ಲ ಹಾಕಿ, ಎರಡು ಗಂಟೆ ಕ್ಯಾಮೆರಾ ಆನ್ ಇಟ್ಟು ನೋಡಿದ್ದಾಳಂತೆ, ಆಫ್ ಆಗಲಿಲ್ಲವಂತೆ.

ನನಗೆ ಮೈಯೆಲ್ಲ ಉರಿಯಿತು. ನಿನ್ನ ಹತ್ತಿರ ಮುಚ್ಚಿಡುವುದೇನು, ಅದು ಬರೀ ಹಮ್ಮು. "ಮನೇಲಿ ಒಳ್ಳೇ ಲ್ಯಾಪ್‌ಟಾಪ್ ಇಟ್ಕೊಂಡು ಕಂಡೋರ ಮನೇದು ಕೇಳಿ ತರೋದಾ? ನಾನು ನಾಲ್ಕು ಜನಾನ ವಿಚಾರಿಸಿದೀನಿ, ಒಬ್ರೂ ಕೆಟ್ಟದು ಅಂದಿಲ್ಲ," ಅಂದೆ.

"ನನ್ನ ಕೇಳಿಲ್ಲ ಕದಾ ಅಮ್ಮಾ ನೀನು," ಅಂದಳು.

"ಕದಾ ಅಲ್ಲ, ಅಲ್ವಾ ಅನ್ನು," ಅಂದೆ.

ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ, "ಇರ್ಲಿ ಬಿಡು ಕಮಲಾ, ಎರಡು ದಿನ ತಾನೆ," ಅಂದರು. ನಾನು ಅವರ ಮೇಲೂ ಹರಿಹಾಯ್ದೆ. ಸಂಜೆ ನಾನೇ ಆ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ, ಒಂದು ಡಜನ್ ಬಾಳೆಹಣ್ಣಿನ ಸಮೇತ ಸಾಯಿಪ್ರಿಯಾಳ ತಾಯಿಗೆ ಒಪ್ಪಿಸಿ ಬಂದೆ. ಶ್ರಾವಣಿ ಜಗಳ ಆಡಲಿಲ್ಲ. ಅಡುಗೆಮನೆಯಿಂದ ಎರಡು ಇಡ್ಲಿ ತಟ್ಟೆ ತಂದು ಬೋರಲು ಹಾಕಿ, ತನ್ನ ಲ್ಯಾಪ್‌ಟಾಪನ್ನು ಅದರ ಮೇಲೆ ಕೂರಿಸಿದಳು, ಕೆಳಗೆ ಗಾಳಿಯಾಡಲಿ ಎಂದು. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟಳು. ನಾನು ಅದನ್ನು ನೋಡಿ ನಕ್ಕೆ.

ಭಾನುವಾರ ಹತ್ತಕ್ಕೆ ಸರಿಯಾಗಿ ಅವಳು ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ವಿಶಾಖಪಟ್ಟಣದ ಜೂನ್ ಹೇಗಿರುತ್ತದೆಂದು ನಿನಗೇನು ಗೊತ್ತು, ಸುಮ್ಮನೆ ಕೂತರೂ ಬೆನ್ನಿನ ಮೇಲೆ ನೀರಿಳಿಯುತ್ತದೆ. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಲ್ಯಾಪ್‌ಟಾಪಿನೊಳಗಿನ ಪುಟ್ಟ ಫ್ಯಾನು ಬಾಗಿಲಾಚೆಗೂ ಕೇಳಿಸತೊಡಗಿತು. ಮೂವತ್ತಕ್ಕೆ ಆ ಸದ್ದು ಮಿಕ್ಸಿಯ ಹಾಗಾಯಿತು. ನಮ್ಮನೆಯವರು ಒಮ್ಮೆ ನನ್ನನ್ನು, ಒಮ್ಮೆ ಗೋಡೆ ಗಡಿಯಾರವನ್ನು ನೋಡುತ್ತಿದ್ದರು. ನಲವತ್ತಾಯಿತು. ನಾನು ಮನಸ್ಸಿನಲ್ಲೇ ಒಂದೊಂದು ನಿಮಿಷ ಎಣಿಸತೊಡಗಿದೆ. ಮುಕ್ಕಾಲು ಗಂಟೆ ದಾಟಿಬಿಟ್ಟರೆ ಸಾಕು, ದೇವರೇ, ದಾಟಿಸಿಬಿಡು, ಅಂದುಕೊಂಡೆ. ಅಂದರೆ ಅವಳ ಮಾತು ನಿಜ ಎಂದು ಒಳಗೊಳಗೆ ನನಗೆ ಮೊದಲಿನಿಂದ ಗೊತ್ತಿತ್ತು.

ಹತ್ತು ನಲವತ್ತಮೂರಕ್ಕೆ ಆ ಸದ್ದು ನಿಂತಿತು.

ಬಾಗಿಲು ತೆರೆಯಿತು. "ಅಮ್ಮಾ, ಹೋಯ್ತು," ಅಂದಳು, ಅಷ್ಟೆ.

ಒಳಗೆ ಓಡಿದೆ. ಪರದೆ ಕಪ್ಪಗಿತ್ತು. ಮುಟ್ಟಿದರೆ ಕಾದ ಕಾವಲಿಯೇ. ಒತ್ತಿದೆವು, ಮತ್ತೆ ಒತ್ತಿದೆವು, ಏಳಲಿಲ್ಲ. ನಮ್ಮನೆಯವರು ಚಪ್ಪಲಿ ಕೂಡ ಮೆಟ್ಟದೆ ಸ್ಕೂಟರ್ ಹತ್ತಿ ಸಾಯಿಪ್ರಿಯಾಳ ಮನೆಗೆ ಹೋದರು. ಅಲ್ಲಿಂದ ಫೋನ್ ಬಂತು, "ಬೀಗ ಹಾಕಿದೆ ಕಮಲಾ, ಸಿಂಹಾಚಲ ದೇವಸ್ಥಾನಕ್ಕೆ ಹೋಗಿದಾರಂತೆ." ನಾನು ಪೇಪರ್ ತಗೊಂಡು ಗಾಳಿ ಬೀಸುತ್ತಿದ್ದೆ. ಶ್ರಾವಣಿ ಗಡಿಯಾರ ನೋಡುತ್ತ ನಿಂತಿದ್ದಳು. ಐದು ನಿಮಿಷ ಕಳೆದದ್ದು ಇಬ್ಬರಿಗೂ ಗೊತ್ತಾಯಿತು. ಹತ್ತು ಐವತ್ತೆರಡಕ್ಕೆ ಲ್ಯಾಪ್‌ಟಾಪ್ ತಾನಾಗೇ ಕಣ್ಣು ಬಿಟ್ಟಿತು. ನಿಮ್ಮ ಪರೀಕ್ಷೆ ಮುಗಿದಿದೆ, ಧನ್ಯವಾದಗಳು ಎಂದು ಪರದೆಯ ಮೇಲೆ ಬಂತು.

ಆಗ ನಾನು ಏನು ಕೇಳಿದೆ ಗೊತ್ತೇ? "ನೀನೇನಾದ್ರೂ ತಪ್ಪು ಬಟನ್ ಒತ್ತಿದ್ಯಾ?"

ಅವಳು ಇಡ್ಲಿ ತಟ್ಟೆಗಳನ್ನು ತೊಳೆದು ಅಡುಗೆಮನೆಯಲ್ಲಿ ಇಟ್ಟಳು. ಕಂಪನಿಗೆ ಬರೆದುಕೊಂಡೆವು, ನಿಯಮ ನಿಯಮವೇ ಅಂದರು.

ಮರುವಾರ ಲ್ಯಾಪ್‌ಟಾಪನ್ನು ಇಲ್ಲಿಗೆ ತಂದು ಒಂದು ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿದೆ. ಬ್ಯಾಟರಿ ಉಬ್ಬಿತ್ತು, ಫ್ಯಾನಿನ ತುಂಬ ಧೂಳು ಹೆಪ್ಪುಗಟ್ಟಿತ್ತು. ಒಂದು ಮಧ್ಯಾಹ್ನದ ಕೆಲಸ. ಅಂಗಡಿಯವರು ತಿರುಗಿ ಕೊಡುವಾಗ, "ಉಪಯೋಗಿಸುವವರು ಮೊದಲೇ ಹೇಳಿರಬೇಕಲ್ಲ ಮೇಡಂಗಾರು, ಇದು ಒಂದು ದಿನದಲ್ಲಿ ಆಗಿದ್ದಲ್ಲ," ಅಂದರು. ಈಗ ನಾಲ್ಕು ಗಂಟೆ ಕ್ಯಾಮೆರಾ ಹಾಕಿಟ್ಟರೂ ಜಪ್ಪಯ್ಯ ಎಂದರೂ ಆಫ್ ಆಗುವುದಿಲ್ಲ. ನನ್ನ ರೂಮಿನಲ್ಲೇ ಇದೆ. ಶ್ರಾವಣಿ ಅದನ್ನು ವಾಪಸ್ ಕೇಳಲಿಲ್ಲ.

ಜುಲೈ ಮುಗಿದಾಗ ಮನೆಯಲ್ಲಿ ಕ್ಯಾಲೆಂಡರಿನ ಹಾಳೆ ಹರಿಯಲು ಹೋದೆ. ಹಿಂಬದಿಯಲ್ಲಿ ಅವಳ ಗುಂಡು ಅಕ್ಷರ. ಏಪ್ರಿಲ್ ೬, ಕ್ಯಾಮೆರಾ ಆನ್, ೪೭ ನಿಮಿಷ. ಏಪ್ರಿಲ್ ೧೯, ೪೫. ಮೇ ೩, ಫ್ಯಾನ್ ಇಟ್ಟು, ೪೮. ಹೀಗೆ ಹನ್ನೊಂದು ಸಲ, ದಿನ, ಗಂಟೆ, ಸೆಕೆ ಎಷ್ಟಿತ್ತು ಎನ್ನುವುದೂ ಸೇರಿ. ಅವಳು ಸೇರಬೇಕೆಂದಿದ್ದ ಕೆಲಸದವರು ಹೇಗೆ ಬರೆಯುತ್ತಾರೋ ಹಾಗೇ. ನನ್ನ ಡೈರಿಯಲ್ಲಿ ಐದು ಜನರ ಹೆಸರಿತ್ತು, ಅವಳ ಹೆಸರೇ ಇರಲಿಲ್ಲ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ ಇಷ್ಟು. ಲ್ಯಾಪ್‌ಟಾಪ್ ಕೆಟ್ಟದ್ದಲ್ಲ. ಎರಡು ವರ್ಷ ಚೆನ್ನಾಗಿ ನಡೆಯುತ್ತದೆ, ಆಮೇಲೆ ಕಾಯುತ್ತದೆ, ಬಿಚ್ಚಿ ಧೂಳು ತೆಗೆಸಬೇಕು. ಆದರೆ ಅದನ್ನು ಕೊಳ್ಳುವ ಮುಂಚೆ ನನ್ನನ್ನು ಕೇಳಬೇಡ, ಅಮೂಲ್ಯಾಳನ್ನು ಕೇಳು. ಕೊಂಡ ಮೇಲೆ ಅವಳು ಏನಾದರೂ ದೂರು ಹೇಳಿದರೆ, ಭಾಷೆ ತಿದ್ದುವುದಕ್ಕೆ ಮೊದಲು ದೂರು ಕೇಳಿಸಿಕೋ.

ಶ್ರಾವಣಿಗೆ ಆಗಸ್ಟಿನಲ್ಲಿ ಇಲ್ಲೇ ವಿಜಯವಾಡದಲ್ಲಿ ಒಂದು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಸಿಕ್ಕಿದೆ. ನನ್ನ ರೂಮಿನಿಂದ ಹತ್ತು ನಿಮಿಷದ ನಡಿಗೆ. ಹಾಸ್ಟೆಲಿನಲ್ಲಿ ಇದ್ದಾಳೆ. ಡ್ಯೂಟಿ ಹೊತ್ತಿಗೆ ಅದೇ ಅನುಕೂಲವಂತೆ.

ನಿಮ್ಮವರಿಗೆ ನಮಸ್ಕಾರ ತಿಳಿಸು. ಅಮೂಲ್ಯಾ ಕೂಸಿಗೆ ನನ್ನ ತುಂಬು ಮನಸ್ಸಿನ ಆಶೀರ್ವಾದ. ಓದು ಚೆನ್ನಾಗಿ ಸಾಗಲಿ, ಅವಳು ಹೇಳಿದ ಮಾತನ್ನು ಮನೆಯಲ್ಲಿ ಎಲ್ಲರೂ ನಂಬಲಿ.

ನಿನ್ನ
ಕಮಲೂ
(ಕಮಲಾಕ್ಷಿ)

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು: ಆ ಭಾನುವಾರ "ಅಮ್ಮಾ, ಹೋಯ್ತು" ಅಂದಳಲ್ಲ, ಅವಳು ನನ್ನ ಜೊತೆ ಆಡಿದ ಕೊನೆಯ ಕನ್ನಡ ಅದು. ಅಪ್ಪನ ಜೊತೆ ಫೋನಿನಲ್ಲಿ ಮೊದಲಿನ ಹಾಗೇ ಕನ್ನಡದಲ್ಲಿ ಹರಟುತ್ತಾಳಂತೆ. ನಿನ್ನೆ ಬಿಪಿ ಮಾತ್ರೆ ನೆಪ ಮಾಡಿಕೊಂಡು ಅವಳ ಕೌಂಟರಿಗೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ತಲೆ ಎತ್ತಿ ನೋಡಿ, ಎಲ್ಲರಿಗೂ ಹೇಳಿ ಅನ್ನುವ ಹಾಗೇ ನನಗೂ "ಚೆಪ್ಪಂಡಿ" ಅಂದಳು. ಚೀಟಿ ಕೊಟ್ಟೆ. ಮಾತ್ರೆ ಎಣಿಸಿ ಕವರಿಗೆ ಹಾಕಿ, ಬೆಳಿಗ್ಗೆ ಒಂದು, ತಿಂಡಿ ಆದ ಮೇಲೆ ಎಂದು ತೆಲುಗಿನಲ್ಲಿ ನಿಧಾನವಾಗಿ, ಮರ್ಯಾದೆಯಿಂದ ವಿವರಿಸಿದಳು. ಒಂದು ತಪ್ಪು ಮಾತಿಲ್ಲ, ತಿದ್ದಲು ಏನೂ ಇರಲಿಲ್ಲ. ನಾನು ಒಪ್ಪಿ, ತೆಲುಗಿನಲ್ಲೇ "ಸರೇನಂಡಿ" ಅಂದು ಕವರು ತಗೊಂಡು ಬಂದೆ.