ಮಾತ್ರೆ ಕೊಟ್ಟವಳು ನಾನೇ

ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳೇ, ಮಾನ್ಯರೇ,

ನಮ್ಮ ಪೆನ್ನಾಗರಂ ಕಡೆಯ ಜನರಿಗೆ ತಿಂಗಳಿಗೆ ಒಂದು ದಿನವಾದರೂ ತಲೆನೋವಿನ ತಜ್ಞರೊಬ್ಬರನ್ನು ಕಳಿಸಿಕೊಡಿ ಎಂದು ನಾನು ಎರಡು ಸಲ ಅರ್ಜಿ ಬರೆದೆ. ಎರಡನೆಯದಕ್ಕೆ ತಮ್ಮ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂತು: 'ತಲೆನೋವಿನ ಮಾತ್ರೆಗಳು ಎಲ್ಲ ಆರೋಗ್ಯ ಕೇಂದ್ರಗಳಲ್ಲೂ ಸಾಕಷ್ಟು ದಾಸ್ತಾನು ಇವೆ.' ಎಷ್ಟು ಚೊಕ್ಕವಾದ ಉತ್ತರ! ದಾಸ್ತಾನು ಇರುವುದು ನನಗೆ ಗೊತ್ತಿಲ್ಲವೇ? ಊರೂರು ತಿರುಗಿ ಮೂವತ್ತೊಂದು ವರ್ಷ ಅದನ್ನು ಹಂಚಿದ ನರ್ಸು ನಾನು. ನನ್ನ ದೂರು ಇರುವುದೇ ಆ ದಾಸ್ತಾನಿನ ಮೇಲೆ. ಅರ್ಧ ದೂರು ನಿಮ್ಮ ಮೇಲೆ, ಉಳಿದರ್ಧ ನನ್ನ ಮೇಲೆ.

ಮೊದಲೆರಡು ಅರ್ಜಿಗಳನ್ನು ನಮ್ಮ ತಮಿಳುನಾಡಿನ ಕಚೇರಿ ಭಾಷೆಯಾದ ತಮಿಳಿನಲ್ಲಿ ಬರೆದಿದ್ದೆ. ಇದನ್ನು ನನ್ನ ಮನೆಮಾತಿನಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದು; ತಪ್ಪಿದ್ದರೆ ಕ್ಷಮಿಸಿ. ಕಚೇರಿಯ ಭಾಷೆಯಲ್ಲಿ ನನ್ನ ತಪ್ಪನ್ನು ಹೇಳಿಕೊಳ್ಳಲು ಹೋದಾಗಲೆಲ್ಲ ಅದು ವರದಿಯಾಗಿಬಿಡುತ್ತಿತ್ತು.

ನನ್ನ ತಮ್ಮ ಮುನುಸ್ವಾಮಿಯ ಹೆಂಡತಿ ಚಂದ್ರಿಕಾ. ಕುರಿ ಸಾಕುವ ಮನೆ ನಮ್ಮದು. ಮೂವತ್ತು ಕುರಿಗಳನ್ನು ಕಾಡಂಚಿಗೆ ಹೊಡೆದುಕೊಂಡು ಹೋಗುವವಳು ಅವಳೇ. ಹಿರಿಯ ಮಗಳು ಹುಟ್ಟಿದ ಮೇಲೆ ಅವಳಿಗೆ ತಲೆನೋವು ಶುರುವಾಯಿತು. ತಲೆಯ ಒಂದೇ ಪಕ್ಕ ಸುತ್ತಿಗೆಯಲ್ಲಿ ಹೊಡೆದಂತೆ ನೋವು, ವಾಂತಿ. ಬಿಸಿಲು ಕಂಡರೆ ಆಗದು, ಕುರಿ ಅರಚಿದರೆ ಆಗದು. ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ರಾಗಿ ಮೂಟೆಗಳ ಸಂದಿಯಲ್ಲಿ ಮಲಗಿರುತ್ತಿದ್ದಳು. ಮುನುಸ್ವಾಮಿ ಅದಕ್ಕೆ ನಾಟಕ ಎಂದು ಹೆಸರಿಟ್ಟ. ನಾನು ಏನೂ ಹೆಸರಿಡಲಿಲ್ಲ. ಮೈಗ್ರೇನ್ ಎಂಬ ಪದವನ್ನು ಟ್ರೇನಿಂಗಿನಲ್ಲಿ ಓದಿದ್ದವಳು, ಅವಳು ಬಾಗಿಲಿಗೆ ಬಂದಾಗಲೆಲ್ಲ ಚೀಲದಿಂದ ಒಂದು ಹಾಳೆ ಮಾತ್ರೆ ತೆಗೆದು ಕೈಗಿಟ್ಟು ಕಳಿಸುತ್ತಿದ್ದೆ. ಕಳಿಸುತ್ತಿದ್ದೆ ಎಂಬುದೇ ಸರಿಯಾದ ಮಾತು. ನನಗೆ ಬೇಕಿದ್ದದ್ದು ಅವಳು ಬಾಗಿಲಿನಿಂದ ಹೋಗುವುದು. ಹೀಗೆ ಆರು ವರ್ಷ.

ನಾನು ನಿವೃತ್ತಳಾಗಲು ಇನ್ನು ಐದು ತಿಂಗಳಿತ್ತು. ಗಂಡ ಹೆಂಡತಿ ನಾಲ್ಕು ಕುರಿ ಮಾರಲು ಮೇಚೇರಿ ಸಂತೆಗೆ ಹೊರಟರು. ನಾನೂ ಜೊತೆಗೆ ಹೋಗಿದ್ದೆ. ಬಿಸಿಲೇರುತ್ತಿದ್ದಂತೆ ಚಂದ್ರಿಕಾ ಎರಡು ಲಾರಿಗಳ ನಡುವೆ ಕುಸಿದು, ವಾಂತಿ ಮಾಡಿಕೊಂಡು, ಅದರಲ್ಲೇ ಮಲಗಿಬಿಟ್ಟಳು. ಸುತ್ತ ಜನ ಸೇರಿದರು. "ಬೆಳಿಗ್ಗೇನೇ ಏರಿಸ್ಕೊಂಡವಳೆ" ಎಂದು ಒಬ್ಬ ನಕ್ಕ. ಇನ್ನೊಬ್ಬ ಮೊಬೈಲ್ ಹಿಡಿದು ವಿಡಿಯೋ ತೆಗೆಯುತ್ತಿದ್ದ.

"ಎದ್ದೇಳೇ, ಮಾನ ಕಳೀಬ್ಯಾಡ" ಎಂದು ಮುನುಸ್ವಾಮಿ ಅವಳ ತೋಳು ಎಳೆದ.

ನಾನೇನು ಮಾಡಿದೆ? 'ಇವಳು ಕುಡಿದಿಲ್ಲ, ಇದು ಕಾಯಿಲೆ, ನಾನು ನರ್ಸು' ಎಂದು ಹೇಳಬಹುದಿತ್ತು. ಹೇಳಲಿಲ್ಲ. ಸೆರಗಿನಿಂದ ನನ್ನ ಮುಖ ಮುಚ್ಚಿಕೊಂಡು, ಬಗ್ಗಿ, ಅವಳ ಬಾಯಿಗೆ ಇನ್ನೊಂದು ಮಾತ್ರೆ ಹಾಕಿದೆ.

ಆಮೇಲೆ ಎರಡು ಆಸ್ಪತ್ರೆ ಸುತ್ತಿದೆವು. ಸ್ಕ್ಯಾನ್ ತೆಗೆದು "ಏನೂ ಇಲ್ಲ" ಎಂದರು. ಏನೂ ಇಲ್ಲದೆ ಒಬ್ಬ ಹೆಂಗಸು ಸಂತೆಯಲ್ಲಿ ಬಿದ್ದು ಹೊರಳುತ್ತಾಳೆಯೇ ಮಾನ್ಯರೇ? ಕಡೆಗೆ ಯಾರೋ ಹೇಳಿದರೆಂದು ಸೇಲಂನಲ್ಲಿ ತಲೆನೋವಿಗೆಂದೇ ಇರುವ ಒಬ್ಬ ಡಾಕ್ಟರಮ್ಮನ ಬಳಿಗೆ ಹೋದೆವು. ಅವರು ಮೊದಲು ಕೇಳಿದ್ದು, "ತಿಂಗಳಿಗೆ ಎಷ್ಟು ದಿನ ನೋಯುತ್ತೆ?"

"ನೋಯ್ದೇ ಇರೋ ದಿನ ಕೇಳಿ, ಅದಾದ್ರೆ ಎಣಿಸ್ಬೋದು" ಎಂದಳು ಚಂದ್ರಿಕಾ.

ಅಷ್ಟು ವರ್ಷಗಳಲ್ಲಿ ನಾನು ಆ ಪ್ರಶ್ನೆ ಕೇಳಿರಲಿಲ್ಲ. ನೀವು ಕೊಟ್ಟ ರಿಜಿಸ್ಟರಿನಲ್ಲೂ ಆ ಪ್ರಶ್ನೆಗೆ ಜಾಗವಿರಲಿಲ್ಲ.

ದಿನಕ್ಕೆ ಮೂರು ಮಾತ್ರೆ, ಕೆಲವು ದಿನ ಐದು ಎಂದು ಕೇಳಿದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನೋವಿನ ಮಾತ್ರೆಯನ್ನು ಹೀಗೆ ದಿನವೂ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ. ಯಾವಾಗಲೋ ಒಮ್ಮೆ ಬರುತ್ತಿದ್ದ ನೋವು ನಿತ್ಯದ್ದಾದದ್ದು ಅದರಿಂದಲೇ ಎಂದು ವಿವರಿಸಿದರು. ಆಮೇಲೆ ಕೇಳಿದ್ದನ್ನು ಅವರ ತಮಿಳಿನಲ್ಲೇ ಬರೆಯುತ್ತೇನೆ: "ಯಾರು ಕುಡುತ್ತಾಂಗ?" ಯಾರು ಕೊಟ್ಟರು?

ಚಂದ್ರಿಕಾ ನನ್ನ ಕಡೆ ತಿರುಗಲೂ ಇಲ್ಲ. "ಕಡೈಲ ವಾಂಗಿನೇನ್" ಎಂದಳು. ಅಂಗಡಿಯಲ್ಲಿ ಕೊಂಡೆನೆಂದು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ.

ವಾಪಸು ಬರುವಾಗ ತೊಪ್ಪೂರು ಘಾಟಿಯಲ್ಲಿ ಬಸ್ಸು ನಿಧಾನವಾಯಿತು. ಆಗ ಕೇಳಿದೆ, "ಯಾಕಮ್ಮ ಸುಳ್ಳು ಹೇಳ್ದೆ?"

"ಇನ್ನೂ ನಾಕ್ ತಿಂಗ್ಳು ಸರ್ವೀಸ್ ಐತೆ ನಿಮ್ಗೆ. ಕೇಸು ಗೀಸು ಆದ್ರೆ?" ಎಂದಳು. ಮತ್ತೆ ಹೇಳಿದಳು, "ಊರಲ್ಲಿ ನನ್ನ ನಂಬಿದ್ದು ನೀವೊಬ್ರೇ ಅತ್ಗೆ. ನಂಬ್ದೇ ಇದ್ರೆ ಮಾತ್ರೆ ಯಾಕ್ ಕೊಡ್ತಿದ್ರಿ?"

ಮಾನ್ಯರೇ, ಆ ಮಾತನ್ನು ಕೇಳಿಸಿಕೊಂಡ ಕಿವಿಗಳನ್ನು ಹೊತ್ತುಕೊಂಡು ಬದುಕುವುದು ಹೇಗೆಂದು ನಿಮ್ಮ ಯಾವ ಸುತ್ತೋಲೆಯಲ್ಲೂ ಬರೆದಿಲ್ಲ.

ಮಾತ್ರೆ ನಿಲ್ಲಿಸಿದ ಮೇಲಿನ ಮೂರು ವಾರ ಅವಳು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡೆ. ಅಷ್ಟು ದಿನವೂ ಕುರಿ ಮೇಯಿಸಲು ಮುನುಸ್ವಾಮಿಯೇ ಹೋದ. ಡಾಕ್ಟರಮ್ಮ ಬೇರೆ ಔಷಧಿ ಕೊಟ್ಟಿದ್ದರು, ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದ್ದರು. ನಾಲ್ಕನೇ ತಿಂಗಳಿಗೆ ಗುರುತು ಆರಕ್ಕೆ ಇಳಿಯಿತು. ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೂ ಉಳಿದ ದಿನಗಳು ಅವಳವು.

ನಿವೃತ್ತಿಯಾದ ಮರುದಿನ (ಗಮನಿಸಿ, ಹಿಂದಿನ ದಿನವಲ್ಲ) ನಾನು ಅವಳಿಗೆ ನಿಜ ಹೇಳಿದೆ. ನಂಬಿ ಕೊಡಲಿಲ್ಲ ತಾಯಿ, ನಿನ್ನನ್ನು ಸಾಗಹಾಕಲು ಕೊಟ್ಟೆ ಎಂದೆ. ಅವಳು ಹಟ್ಟಿಯ ಬಾಗಿಲು ತೆಗೆದು ಕುರಿಗಳನ್ನು ಹೊಡೆದುಕೊಂಡು ಹೋದಳು. ಈಗಲೂ ಮನೆಗೆ ಹೋದರೆ ಕಾಫಿ ಕೊಡುತ್ತಾಳೆ. ಆದರೆ ಅತ್ಗೆ ಅನ್ನುವುದಿಲ್ಲ. ಊರಿನ ಬೇರೆಯವರಂತೆ "ತಕ್ಕೊಳ್ಳಿ ನರ್ಸಮ್ಮ" ಅನ್ನುತ್ತಾಳೆ.

ನಾನು ಮಾತ್ರೆ ಕೊಟ್ಟ ಬೇರೆ ಹೆಂಗಸರ ಮನೆಗಳಿಗೂ ಈಗ ಹೋಗುತ್ತಿದ್ದೇನೆ. ದಿನವೂ ನುಂಗುವವರು ಇಲ್ಲಿಯವರೆಗೆ ಹನ್ನೊಂದು ಮಂದಿ ಸಿಕ್ಕಿದ್ದಾರೆ. ಅವರನ್ನೆಲ್ಲ ಬಸ್ಸು ಹತ್ತಿಸಿ ಸೇಲಂಗೆ ಕರೆದೊಯ್ಯಲು ನನ್ನೊಬ್ಬಳಿಂದ ಆಗದು. ಆದ್ದರಿಂದ ತಜ್ಞರೊಬ್ಬರನ್ನು ತಿಂಗಳಿಗೊಮ್ಮೆ ಪೆನ್ನಾಗರಂಗೆ ಕಳಿಸಿ. ಈಗ ಕೆಲಸದಲ್ಲಿರುವ ನರ್ಸುಗಳಿಗೆ, ಮಾತ್ರೆ ಕೈಗಿಡುವ ಮೊದಲು ತಿಂಗಳಿಗೆ ಎಷ್ಟು ದಿನ ಎಂದು ಕೇಳಲು ಕಲಿಸಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ಕೈಗೊಳ್ಳಿ, ವಿಳಾಸ ಕೆಳಗಿದೆ. ಆದರೆ ಆ ಹನ್ನೊಂದು ಮಂದಿಗೆ ಇನ್ನೊಂದು ಸಲ ದಾಸ್ತಾನಿನ ಸುದ್ದಿ ಹೇಳಬೇಡಿ.

ಇಂತಿ,
ತಮ್ಮನ ಹೆಂಡತಿಯ ಬಾಯಲ್ಲಿ ನರ್ಸಮ್ಮನಾಗಿ ಉಳಿದ
ಶಶಿರೇಖಾ
ನಿವೃತ್ತ ನರ್ಸು, ಪೆನ್ನಾಗರಂ ತಾಲ್ಲೂಕು, ಧರ್ಮಪುರಿ ಜಿಲ್ಲೆ