ಅತ್ತೆಯ ಸಣ್ಣ ಲ್ಯಾಪ್‌ಟಾಪ್ ವಿಯೆಟ್ನಾಮಿಗೆ

ಅತ್ತಿ,

ನೀವು ಮುಡಬಿಯಿಂದ ಬರುವಷ್ಟರಲ್ಲಿ ನಾನು ಹೈದರಾಬಾದ್ ಬಸ್ಸಿನಲ್ಲಿರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಲೆ ಬಿಸಿ ಮಾಡಿಕೊಳ್ಳಿ. ಬಿಪಿ ಗುಳಿಗೆ ಊಟ ಆದ ಮೇಲೆ, ಮರೆಯಬೇಡಿ.

ಹುಮನಾಬಾದಿನ ನಮ್ಮ ಫ್ಯಾಕ್ಟರಿಯವರು ಕೆಲಸದ ಮೇಲೆ ಹತ್ತು ದಿನ ವಿಯೆಟ್ನಾಮಿಗೆ ಕಳಿಸುತ್ತಾರೆ ಎಂದು ನಾನು ಹೇಳಿದಾಗ, "ಹೋಗೂದು ಖರೇ ಆದಮ್ಯಾಲೆ ನನಗ ಯಾಕ ಕೇಳ್ತಿ" ಅಂದಿರಿ. ಆಮೇಲೆ ಮೂರು ದಿನ ಮಾತೇ ಇಲ್ಲ. ನನಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಇವತ್ತು ಬೆಳಿಗ್ಗೆ ಬ್ಯಾಗು ತೆರೆದರೆ ನಾನು ಇಟ್ಟಿದ್ದ ಮನೆಯ ದೊಡ್ಡ ಲ್ಯಾಪ್‌ಟಾಪ್ ಇಲ್ಲ. ಅದರ ಜಾಗದಲ್ಲಿ ನಿಮ್ಮ ಸಣ್ಣದು, ಟವೆಲ್ಲಿನಲ್ಲಿ ಸುತ್ತಿಟ್ಟಿದೆ. ನಿಮ್ಮ ಮಗನನ್ನು ಕೇಳಿದೆ. "ಅವ್ವ ನಿನ್ನೆನೇ ಇಟ್ಟಾಳ. ನಿನ್ನ ಬೆನ್ನು ನೋಯ್ತದ, ಭಾರ ಹೊರೂದು ಬ್ಯಾಡ ಅಂದ್ಳು. ನಿನಗ ಹೇಳಬ್ಯಾಡ ಅಂತನೂ ಅಂದಿದ್ಳು" ಅಂದರು. ನಿಮ್ಮದನ್ನು ಅದೇ ಟವೆಲ್ಲಿನಲ್ಲಿ ಮತ್ತೆ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡೆ.

ನೀವು ಅದರಲ್ಲೇ ಪುಣೆಯ ಹೆಣ್ಣುಮಕ್ಕಳಿಗೆ ವಚನ ಹಾಡಲಿಕ್ಕೆ ಕಲಿಸುತ್ತೀರಿ, ನನಗೆ ಗೊತ್ತು. ಗುರುವಾರದ ಪಾಠ ನಿಲ್ಲಿಸಬೇಡಿ. ದೊಡ್ಡದರಲ್ಲಿ ಪಾಠಕ್ಕೆ ಬೇಕಾದದ್ದೆಲ್ಲ ಹಾಕಿಟ್ಟಿದ್ದೇನೆ. ಬಾಜೂಮನಿ ಭುವನೇಶ್ವರಿ ನಾಲ್ಕಕ್ಕೆ ಬಂದು ಚಾಲೂ ಮಾಡಿ ಕೊಡುತ್ತಾಳೆ. ಅವಳಿಗೆ ಚಹಾ ಕೊಡಿ, ಬುದ್ಧಿಮಾತು ಬೇಡ.

ದಿನಾ ಸಂಜೆ ಏಳಕ್ಕೆ ವಿಡಿಯೊ ಕಾಲ್ ಮಾಡುತ್ತೇನೆ. ಫೋನ್ ಮಗನ ಕೈಗೆ ಕೊಟ್ಟು ಅಡಿಗೆಮನೆಗೆ ಹೋಗಬೇಡಿ. ಅವರ ಹತ್ತಿರ ನನಗೇನೂ ಕೆಲಸವಿಲ್ಲ. ನಾನು ಮಾತಾಡಬೇಕಿರುವುದು ನಿಮ್ಮ ಜೊತೆ.

ಪೂನಂ