ಅಳಿಯಂದಿರಿಗೆ ಕಳಿಸಿದ ಟೇಪು

ಸುಗಟೂರು
12-9-1984

ನನ್ನ ಮಗಳು ರತ್ನಳಿಗೆ,

ಅಪ್ಪ ಬರೆಯುತ್ತಿದ್ದೇನೆ. ಹೇಗಿದ್ದೀಯಮ್ಮ? ಸೊಂಟದ ನೋವು ಇಳಿಯಿತೇ? ಹುಬ್ಬಳ್ಳಿಯಲ್ಲಿ ಎಷ್ಟು ರೊಟ್ಟಿ ತಿಂದರೂ ಮುದ್ದೆ ಉಂಡ ಹಾಗಾಗುವುದಿಲ್ಲ ಎಂದು ನಿಮ್ಮಮ್ಮನಿಗೆ ಬರೆದಿದ್ದೆಯಂತೆ, ರಾಗಿ ಹಿಟ್ಟು ಬೇರೆ ಗಂಟಿನಲ್ಲಿ ಬರುತ್ತದೆ. ಮೊಮ್ಮಗನಿಗೆ ಎಲ್ಲ ಹಲ್ಲೂ ಬಂದವೇ? ಎರಡು ವರ್ಷದ ಕೂಸನ್ನು ಫೋಟೋದಲ್ಲಿ ಮಾತ್ರ ನೋಡಿದ ತಾತ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಇಲ್ಲಿ ನಾವು ಕ್ಷೇಮ. ನಿಮ್ಮಪ್ಪನ ಕೋಪವೂ ಕ್ಷೇಮ ಅಂತ ಬರೀರಿ ಎಂದು ಅಡಿಗೆಮನೆಯಿಂದ ನಿಮ್ಮಮ್ಮ ಕೂಗುತ್ತಿದ್ದಾಳೆ. ಬರೆದಿದ್ದೇನೆ.

"ಅಪ್ಪ ಬಾಯಿಬಿಟ್ಟು ತಪ್ಪಾಯ್ತು ಅನ್ನೋವರೆಗೂ ನಾವು ಬರಲ್ಲ" ಎಂದು ನೀನು ಬರೆದ ಕಾಗದ ಗೂಟಕ್ಕೆ ಸಿಕ್ಕಿಸಿಕೊಂಡೇ ಇದೆ. ಮೂರು ವರ್ಷದ ಹಿಂದೆ ಯುಗಾದಿಗೆ ಬಂದ ಅಳಿಯಂದಿರು ಘಮಘಮ ಸೆಂಟು ಹಾಕಿಕೊಂಡು ಹುಳುವಿನ ಮನೆಯೊಳಗೆ ಹೋದರು. ಮಾರನೇ ದಿನದಿಂದ ರೇಷ್ಮೆ ಹುಳು ಸಾಯತೊಡಗಿದವು. ನಾನು ಬೀದಿಯವರೆಲ್ಲರ ಮುಂದೆ ಅವರನ್ನು ಬಾಯಿಗೆ ಬಂದಂತೆ ಬೈದೆ. ನೀನು ಎಲೆಯ ಮುಂದಿನಿಂದ ಎದ್ದು ಅವರ ಜೊತೆ ಬಸ್ಸು ಹತ್ತಿದೆ. ಈಗ ನಾನು ಬಾಯಿ ಬಿಡಬೇಕು, ಸರಿ. ಆದರೆ ಹುಬ್ಬಳ್ಳಿಗೆ ಬಂದು ಎದುರು ನಿಂತು ಹೇಳಲು ಮೀಸೆ ಅಡ್ಡ ಬರುತ್ತದೆ. ಅಷ್ಟರಲ್ಲಿ ಮುಳಬಾಗಿಲಿನ ನಿನ್ನ ಸೋದರಮಾವ ಮುನಿರಾಮಪ್ಪ, ಮದುವೆಗಳಿಗೆ ಮೈಕ್ ಸೆಟ್ ಹಾಕುವವನು, ಕ್ಯಾಸೆಟ್ಟಿಗೆ ಬದಲಾಯಿಸಿಕೊಂಡು ತನ್ನ ಹಳೇ ರೀಲಿನ ಟೇಪ್ ರೆಕಾರ್ಡರನ್ನು ನಮ್ಮ ಮನೆಗೆ ತಂದಿಟ್ಟ. ಅಳಿಯಂದಿರ ಹತ್ತಿರವೂ ಅಂಥದ್ದೇ ಒಂದಿದೆಯಲ್ಲ. ನನ್ನ ಬಾಯಿ ಅಂಚೆಯಲ್ಲಿ ಬರಲಿ, ಮೀಸೆ ಇಲ್ಲೇ ಇರಲಿ ಎಂದುಕೊಂಡೆ.

ಮಾತು ಹಿಡಿಯಲು ಹುಳುವಿನ ಮನೆಯನ್ನೇ ಆರಿಸಿದೆ. ಅಲ್ಲಿಗೆ ಕೋಳಿ ಬರುವುದಿಲ್ಲ, ಹೊರಗಿನವರನ್ನು ಬಿಡುವುದಿಲ್ಲ, ಮಾವನಾದವನು ಅಳಿಯನ ಹತ್ತಿರ ತಪ್ಪಾಯಿತು ಎನ್ನುವುದನ್ನು ಕೇಳುವವರೂ ಇಲ್ಲ. ಅವತ್ತು ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ನಿನಗೆ ಗೊತ್ತಲ್ಲ, ಆಗ ಅವು ಸೊಪ್ಪು ಮುಟ್ಟದೆ ತಲೆಯೆತ್ತಿ ನಿದ್ದೆ ಮಾಡುತ್ತವೆ. ಮಾತು ಪರವಾಗಿಲ್ಲದಂತೆ ಬಂತು, ಚಕ್ರ ಮಾತ್ರ ಕಿರ್ ಎಂದಿತು. ಕಿರ್ ಎಂದದ್ದಕ್ಕೆಲ್ಲ ಎಣ್ಣೆ ಹಾಕಿ ಬೆಳೆದ ಕೈ ನನ್ನದು. ಹೊಲಿಗೆ ಮಿಷನ್ನಿನ ಎಣ್ಣೆಯನ್ನು ತಿರುಗುವ ಪ್ರತಿಯೊಂದಕ್ಕೂ, ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರಕ್ಕೂ, ಧಾರಾಳವಾಗಿ ಬಿಟ್ಟೆ. ಟೇಪು ಜಾರತೊಡಗಿತು. "ಅಳಿಯಂದಿರೇ" ಎನ್ನುವ ಒಂದು ಮಾತು ಮುಗಿಯುವಷ್ಟರಲ್ಲಿ ಒಂದು ಬೀಡಿ ಸೇದಬಹುದಿತ್ತು. "ಕುಡ್ದು ಕಾಲಿಗೆ ಬಿದ್ದಂಗಿದೆ ಕಣ್ರೀ" ಎಂದು ನಿಮ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮಾರನೇ ದಿನ ಮಿಷನ್ನನ್ನು ಮದುಮಗಳಂತೆ ತೊಡೆಯ ಮೇಲೆ ಕೂರಿಸಿಕೊಂಡು ಕೋಲಾರದ ಬಸ್ಸು ಹತ್ತಿದೆ. ರಿಪೇರಿ ಅಂಗಡಿಯ ಶ್ರೀರಾಮಪ್ಪ ಮುಚ್ಚಳ ತೆಗೆದು ಹಣೆ ಚಚ್ಚಿಕೊಂಡ. "ಏನ್ ಯಜಮಾನ್ರೇ, ಇದೇನು ಎತ್ತಿನ ಗಾಡೀನಾ?" ಹತ್ತಿಗೆ ಸ್ಪಿರಿಟ್ ಹಚ್ಚಿ ರಬ್ಬರನ್ನೂ, ಟೇಪು ಉಜ್ಜಿಕೊಂಡು ಹೋಗುವ ಹೆಡ್ಡನ್ನೂ ಒರೆಸಿದ. ಎಷ್ಟು ಕಂದು ಕೊಳೆ ಬಂತೆಂದರೆ ನನಗೇ ನಾಚಿಕೆಯಾಯಿತು. ಆಮೇಲೆ ದನಿ ಗಂಟೆ ಹೊಡೆದ ಹಾಗೆ ಬಂತು. ಖುಷಿಯಾಗಿ ಮನೆಗೆ ತಂದು ಮಾತಾಡಿ ಕೇಳಿದರೆ, ನನ್ನ ದನಿಯ ಹಿಂದೆ ಸೊರ್ರೋ ಎಂದು ಜಡಿಮಳೆ! ಶ್ರೀರಾಮಪ್ಪ ಕೆಡಿಸಿದ ಎಂದು ತಿರುಗಿ ಹೊತ್ತುಕೊಂಡು ಹೋದೆ. ಅವನ ಅಂಗಡಿಯಲ್ಲಿ ಮಾತಾಡಿ ಹಾಕಿದರೆ ಸೊರ್ರೂ ಇಲ್ಲ, ಗಿರ್ರೂ ಇಲ್ಲ. ಮನೆಯಲ್ಲಿ ಮತ್ತೆ ಮಳೆ. ವೈರು ಬದಲಾಯಿಸಿದೆ, ಹೊಸ ರೀಲು ಹಾಕಿದೆ, ಮೈಕನ್ನು ಮಿಷನ್ನಿನಿಂದ ದೂರ ಇಟ್ಟು ಅದರ ಕೆಳಗೆ ಕಂಬಳಿ ಮಡಿಸಿಟ್ಟೆ. ಹೆಡ್ಡು ಒರೆಸಲು ಸೀಸೆ ತೆಗೆದರೆ, ಸ್ಪಿರಿಟ್ ವಾಸನೆ ಹುಳುವಿಗೆ ಆಗದೆಂದು ನಿಮ್ಮಮ್ಮ ನನ್ನನ್ನು ಮಿಷನ್ ಸಮೇತ ಹುಣಸೆಮರದ ಕೆಳಗೆ ಓಡಿಸಿದಳು. ಮೂರನೇ ಸಲ ಅಂಗಡಿಗೆ ಹೋದಾಗ ಶ್ರೀರಾಮಪ್ಪನಿಗೂ ನನಗೂ ಜಗಳ ಹತ್ತಿತು. ಕಳ್ಳ ಅಂದೆ. ಅವನು "ನಿಮ್ಮೂರ ಕರೆಂಟಿಗೇ ದೆವ್ವ ಹಿಡಿದೈತೆ, ಹೋಗಿ" ಅಂದ.

ಮನೆಗೆ ಬಂದು ಸಿಟ್ಟಿನಲ್ಲಿ ಟೇಪು ಹಾಕಿಕೊಂಡು ಕೂತಿದ್ದೆ. ನಿಮ್ಮಮ್ಮ ಹಿಪ್ಪುನೇರಳೆ ಸೊಪ್ಪು ಹಾಕಲು ಬಂದವಳು ಕುಕ್ಕೆ ಹಿಡಿದುಕೊಂಡೇ ನಿಂತಳು. ಒಂದು ಕಿವಿ ಟೇಪಿನ ಕಡೆ, ಒಂದು ಕಿವಿ ಹುಳುವಿನ ತಟ್ಟೆಗಳ ಕಡೆ. "ರೀ, ಇದು ಹುಳ ಸೊಪ್ಪು ಮೇಯೋ ಸದ್ದಲ್ವೇನ್ರೀ?" ಜ್ವರದಿಂದ ಎದ್ದ ಸಾವಿರಾರು ಹುಳು ಒಟ್ಟಿಗೆ ಮೇಯುತ್ತಿದ್ದವು ಮಗಳೇ. ಮೂವತ್ತು ವರ್ಷದಿಂದ ಆ ಸದ್ದಿನ ಪಕ್ಕದಲ್ಲೇ ಉಂಡು ಮಲಗಿದ ನನ್ನ ಕಿವಿಗೆ ಅದು ಸದ್ದೆಂದೇ ತೋಚಿರಲಿಲ್ಲ. ನಗು ಬಂತು. ಅವಳು ನಗಲಿಲ್ಲ. "ನಮ್ಮನೆ ಹುಳದ್ದು ತಪ್ಪು, ಬೈಗುಳ ಊರೋರಿಗೆ. ನಿಮ್ದು ಯಾವತ್ತೂ ಇದೇ ಆಯ್ತು" ಎಂದು ಸೊಪ್ಪು ಹಾಕತೊಡಗಿದಳು. ಅವಳು ಶ್ರೀರಾಮಪ್ಪನ ವಿಷಯಕ್ಕೆ ಹೇಳಿದ್ದು. ನನಗೆ ಅವತ್ತು ಊಟ ಸೇರಲಿಲ್ಲ. ಬೆಳಗ್ಗೆ ಕೋಲಾರಕ್ಕೆ ಹೋಗಿ, ಅಂಗಡಿಯ ಮುಂದೆ ನಿಂತು, ತಪ್ಪಾಯಿತಪ್ಪಾ ಎಂದು ಶ್ರೀರಾಮಪ್ಪನಿಗೆ ಹೇಳಿ ಬಂದೆ. ಮೀಸೆ ಬಿದ್ದುಹೋಗಲಿಲ್ಲ.

ನಿನ್ನೆ ಹುಳು ಹಣ್ಣಾಗಿ, ಮೇಯುವುದು ಬಿಟ್ಟು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿದವು. ಮನೆಯೆಲ್ಲ ನಿಶ್ಶಬ್ದ. ಅವತ್ತು ಆಡಿದ ಮಾತು ತಪ್ಪು, ದೀಪಾವಳಿಗೆ ಮನೆಗೆ ಬನ್ನಿ ಎಂದು ಅಳಿಯಂದಿರಿಗೆ ಹೇಳಿದ್ದೇನೆ. ಒಂದಕ್ಷರವೂ ಕೆಡದೆ ಬಂದಿದೆ. ನಿಮ್ಮಮ್ಮ ಪಕ್ಕದಲ್ಲೇ ನಿಂತು ಕೇಳಿ ಚೆನ್ನಾಗಿದೆ ಎಂದಳು. ಈ ಕಾಗದದ ಜೊತೆಗೇ ರಿಜಿಸ್ಟರ್ ಪಾರ್ಸೆಲಿನಲ್ಲಿದೆ. ಕೇಳುವ ಮುಂಚೆ ಹೆಡ್ಡು ಒರೆಸಿಕೊಳ್ಳಲು ಅವರಿಗೆ ಹೇಳು. ಎಣ್ಣೆ ಬೇಡ.

ನಿಮ್ಮ ಮೂವರಿಗೂ ಒಳ್ಳೆಯದಾಗಲಿ, ಮೊಮ್ಮಗನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ಅಪ್ಪ
ಚನ್ನರಾಯಪ್ಪ

ಮರೆತ ಮಾತು: ಮರೆತದ್ದಲ್ಲ, ನಿಮ್ಮಮ್ಮ ಬಾವಿಗೆ ಹೋಗಲಿ ಎಂದು ಕಾದಿದ್ದೆ. ಆ ಯುಗಾದಿಯಲ್ಲಿ ಹುಳು ಸತ್ತದ್ದು ಸೆಂಟಿನಿಂದಲ್ಲ. ಮೊಟ್ಟೆಯಲ್ಲೇ ರೋಗವಿತ್ತು. ನಮ್ಮ ಜೊತೆ ಮೊಟ್ಟೆ ತಂದ ಬೈರಕೂರಿನವರ ಬೆಳೆಯೂ ಹೋಗಿತ್ತು, ನೀವು ಹೋದ ಎಂಟೇ ದಿನಕ್ಕೆ ಅದು ನನಗೆ ಗೊತ್ತಾಯಿತು. ಮೂರು ವರ್ಷ ಬಾಯಿ ಬಿಡಲಿಲ್ಲ. ಟೇಪಿನಲ್ಲಿ ಇದನ್ನೂ ಹೇಳಲು ನಾಲ್ಕು ಸಲ ಕೂತೆ, ಮಿಷನ್ ಚೆನ್ನಾಗಿಯೇ ಇತ್ತು, ದನಿ ಹೊರಡಲಿಲ್ಲ. ಅಳಿಯಂದಿರಿಗೆ ನೀನೇ ಓದಿ ಹೇಳು. ನಿಮ್ಮಮ್ಮನಿಗೆ ಇನ್ನೂ ಗೊತ್ತಿಲ್ಲ. ಅವಳಿಗೆ ನಾನೇ ಹೇಳುತ್ತೇನೆ, ಆದರೆ ಒಬ್ಬನೇ ಹೇಳುವ ಧೈರ್ಯವಿಲ್ಲ. ಬೇಗ ಬಂದು ನನ್ನ ಪಕ್ಕದಲ್ಲಿ ನಿಂತುಕೋ ಮಗಳೇ.